ಬ್ರಷ್ಷು ಮಾಡಿದವಳು

ದಬ್ಬೇಘಟ್ಟದ ಹೊಸ ಮನೆಯೊಂದರಲ್ಲಿ, ಬಣ್ಣದ ಹನಿ ಬೀಳದಿರಲೆಂದು ನೆಲಕ್ಕೆ ಹಳೇ ಪೇಪರು ಹಾಸುತ್ತಿದ್ದಾಗ ಪುಟ್ಟಗಂಗಮ್ಮನಿಗೆ ತನ್ನ ಬ್ರಷ್ಷು ಕಂಡಿತು. ಫೋಟೋದಲ್ಲಿ ಅದನ್ನು ಹಿಡಿದು ನಿಂತಿದ್ದವರು ರೇಣುಕಪ್ರಸಾದ್, ತಿಪಟೂರಿನ ಕಾಲೇಜೊಂದರ ಮೇಷ್ಟ್ರು. ಮೇಲೆ ದಪ್ಪಕ್ಷರದಲ್ಲಿ ‘ಉಪನ್ಯಾಸಕರಿಂದ ಹೊಸ ಬಗೆಯ ಬ್ರಷ್’ ಎಂದಿತ್ತು.

“ಬೋರಮ್ಮ, ಬಾ ಇಲ್ಲಿ. ಇದು ಯಾರ್ದು ಹೇಳು?”

ಇಪ್ಪತ್ತು ವರ್ಷದಿಂದ ಅವಳ ಜೊತೆ ಸುಣ್ಣಬಣ್ಣದ ಕೆಲಸಕ್ಕೆ ಬರುತ್ತಿದ್ದ ಬೋರಮ್ಮ ಬಗ್ಗಿ ನೋಡಿದಳು. “ನಿಂದೇ ಕಣೇ! ಸೈಕಲ್ ನಟ್ಟು ಕಾಣ್ತಾ ಐತಲ್ಲ.”

ಆ ಬ್ರಷ್ಷು ಒಂದು ದಿನದಲ್ಲಿ ಆದದ್ದಲ್ಲ. ಗೋಡೆಗೊಂದು, ಕಿಟಕಿ ಸರಳಿಗೊಂದು, ಮೂಲೆಗೊಂದು ಬ್ರಷ್ಷು ಎಂದು ದಿನವಿಡೀ ಏಣಿ ಹತ್ತಿಳಿದು ಮಂಡಿ ಊದಿಕೊಂಡಾಗ, ಪುಟ್ಟಗಂಗಮ್ಮ ಎರಡು ಬ್ರಷ್ಷುಗಳನ್ನು ತಗಡಿನ ಪಟ್ಟಿಗೆ ಕೂರಿಸಿ ನಡುವೆ ಸೈಕಲ್ ನಟ್ಟು ಹಾಕಿದ್ದಳು. ಬಿಡಿಸಿದರೆ ಅಗಲ, ಮಡಿಸಿದರೆ ಸಣ್ಣ, ಕತ್ತು ಬಗ್ಗಿಸಿದರೆ ಮೂಲೆಗೂ ಎಟುಕುತ್ತಿತ್ತು. ಮೊದಲನೆಯದು ಮುರಿಯಿತು. ಎರಡನೆಯದರ ಕೂದಲು ಉದುರಿತು. ಐದನೆಯದು ನಿಂತಿತು. ಮೇಷ್ಟ್ರ ಕಿಬ್ಬನಹಳ್ಳಿ ಮನೆಗೆ ಬಣ್ಣ ಬಳಿಯುವಾಗ, “ಎರಡು ದಿನ ಕೊಡಿ, ಹುಡುಗರಿಗೆ ತೋರಿಸ್ತೀನಿ” ಎಂದು ಅವರು ಕೇಳಿದ್ದರು. ಅವಳು ಹೆಮ್ಮೆಯಿಂದ ತೊಳೆದು ಕೊಟ್ಟಿದ್ದಳು. ಎರಡು ದಿನ ಬಿಟ್ಟು ಅದು ವಾಪಸ್ಸು ಬಂದಿತ್ತು.

“ನಡಿ, ಓಗನ” ಎಂದು ಪುಟ್ಟಗಂಗಮ್ಮ ಕೆಲಸದ ಚೀಲವನ್ನು ಹೆಗಲಿಗೇರಿಸಿದಳು. ಬಣ್ಣ ಮೆತ್ತಿದ ಸೀರೆಯಲ್ಲೇ ಇಬ್ಬರೂ ತಿಪಟೂರಿನ ಬಸ್ಸು ಹತ್ತಿದರು.

ಕಾಲೇಜಿನ ಬಾಗಿಲಲ್ಲೇ ಬ್ರಷ್ಷಿನ ದೊಡ್ಡ ಪೋಸ್ಟರಿತ್ತು. ಮೇಷ್ಟ್ರು ಅವಳನ್ನು ಕಂಡು ನಕ್ಕರು. “ಬನ್ನಿ ಬನ್ನಿ. ನಿಮ್ಮ ವಿಷಯಾನೂ ಹಾಕಿದೀನಿ, ನೋಡಿ.”

ಎಲ್ಲಕ್ಕಿಂತ ಕೆಳಗೆ ಸಣ್ಣಕ್ಷರದಲ್ಲಿತ್ತು: ‘ಸ್ಥಳೀಯ ಕೂಲಿ ಮಹಿಳೆಯೊಬ್ಬರ ಅನುಭವದಿಂದ ಪ್ರೇರಿತ.’

ಪುಟ್ಟಗಂಗಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅವಳ ಕಿವಿ ಬಿಸಿಯಾಯಿತು. “ಮಹಿಳೆಯೊಬ್ಬರು ಅಂದ್ರೆ ಯಾರು? ನಮ್ಮಪ್ಪ ಅವ್ವ ನಂಗೆ ಹೆಸ್ರಿಟ್ಟವ್ರೆ ಕಣ್ರೀ!”

“ನಕ್ಷೆ ಬರೆದೋನು ನಾನು, ಅಳತೆ ಹಾಕಿದೋನೂ ನಾನು ಕಣಮ್ಮ.”

“ಹಾಕಿದ್ರಿ, ಇಲ್ಲ ಅನ್ನಾಕಿಲ್ಲ. ನಾನು ಮಾಡ್ದೆ ಇದ್ದಿದ್ರೆ ಏನನ್ನ ಅಳೀತಿದ್ರಿ? ನಿಮ್ಮನೆ ಗೋಡೆಗೆಲ್ಲ ಬಣ್ಣ ಬಳ್ದಿದ್ದು ನಾವು. ಮನೆ ನಮ್ದು ಅಂತ ಪೇಪರ್‌ಗೆ ಹಾಕುಸ್ದ್ವಾ?”

ಹುಡುಗರು ಗುಂಪುಗೂಡಿದರು. “ಈಗ ಪ್ರಿಂಟ್ ಆಗೋಗಿದೆ, ಏನ್ಮಾಡೋಕಾಗುತ್ತೆ?” ಎಂದು ಮೇಷ್ಟ್ರು ದನಿ ತಗ್ಗಿಸಿದರು.

ಪುಟ್ಟಗಂಗಮ್ಮ ಚೀಲದಿಂದ ಕಿಟಕಿ ಸರಳಿನ ಕಪ್ಪು ಬಣ್ಣದ ಡಬ್ಬಿ ತೆಗೆದಳು. ಜೊತೆಗೇ ಇದ್ದ ತನ್ನ ಬ್ರಷ್ಷನ್ನು ಸಣ್ಣಗೆ ಮಡಿಸಿ ಅದ್ದಿ, ಆ ಸಾಲಿನ ಮೇಲೆ ಗೀಟು ಎಳೆದು ‘ಪುಟ್ಟಗಂಗಮ್ಮ, ದಂಡಿನಶಿವರ’ ಎಂದು ಬರೆದಳು. ಕೊನೆಯ ಅಕ್ಷರ ಸೊಟ್ಟಗಾಯಿತು. ಯಾರೂ ತಡೆಯಲಿಲ್ಲ.

ಮೂರನೇ ದಿನ ಮೇಷ್ಟ್ರೇ ದಬ್ಬೇಘಟ್ಟಕ್ಕೆ ಬಂದರು. ಕೈಯಲ್ಲಿ, ಬ್ರಷ್ಷು ಯಾರು ಮಾಡಿದ್ದೆಂದು ಸರ್ಕಾರದಲ್ಲಿ ನೋಂದಾಯಿಸುವ ಅರ್ಜಿ. ಅದನ್ನು ಓದಿ ಹೇಳಿದರು: ಇಬ್ಬರ ಹೆಸರೂ ಇತ್ತು, ಅವಳದು ಎರಡನೆಯದು.

“ಮೊದ್ಲು ಮಾಡಿದ್ದು ಯಾರು?” ಏಣಿಯ ಮೇಲಿಂದಲೇ ಕೇಳಿದಳು.

“ನೀವೇ.”

“ಹಂಗೇ ಬರ್ಕೊಂಡ್ ಬನ್ನಿ.”

ಅವರು ಜೇಬಿನಿಂದ ಪೆನ್ನು ತೆಗೆದು ಅಲ್ಲೇ ತಿದ್ದಲು ಹೋದರು. “ಪೆನ್ನಲ್ಲಿ ಬ್ಯಾಡ. ಹೊಸ್ದಾಗಿ ಟೈಪ್ ಮಾಡುಸ್ಕಂಡ್ ಬನ್ನಿ” ಎಂದಳು.

ಮಾರನೇ ದಿನ ತಂದರು. ಪುಟ್ಟಗಂಗಮ್ಮ ಅವರನ್ನು ಜಗಲಿಯಲ್ಲಿ ಕೂರಿಸಿ ಪೂರ್ತಿ ಓದಿ, ಸಹಿ ಮಾಡಿದಳು. ಕುಡಿಯಲು ನೀರನ್ನೂ ಕೊಟ್ಟಳು. ಅವರ ಸ್ಕೂಟರು ಮರೆಯಾದ ಮೇಲೆ ಬೋರಮ್ಮ ಕೇಳಿದಳು: “ಈಗ ಸಮಾಧಾನ ಆಯ್ತೇನೇ?”

“ಎಲ್ಲಾಯ್ತು?” ಎಂದಳು ಪುಟ್ಟಗಂಗಮ್ಮ. “ನಂದನ್ನ ನಂದು ಅಂತ ಹೇಳ್ಸಕ್ಕೆ ನಾನೇ ಬಸ್ ಹತ್ಬೇಕಾಯ್ತಲ್ಲ!”