ಒಂದೇ ಕೈಗೆ ತೆರೆಯುವ ಕವರ್

ಅಂಗಡಿಯವನು ಗಾಜಿನ ಮೇಲೆ ಹರಡಿದ ಟ್ಯಾಬ್ಲೆಟ್ ಕವರುಗಳನ್ನು ನೋಡಿಯೇ ನನಗೆ ಸಾಕಾಗಿಹೋಯಿತು. ದಿನವಿಡೀ ಫೋನಿನಲ್ಲಿ ಗಿರಾಕಿಗಳ ದೂರು ಕೇಳೋದು ನನ್ನ ಕೆಲಸ. ಸಂಜೆಯಾದರೆ ಕಿವಿಯೂ ಬೇಡ, ಬಾಯಿಯೂ ಬೇಡ ಅನ್ನಿಸುತ್ತೆ. ಇವನೋ ಬಾಯಿಗೆ ಬಿಡುವೇ ಕೊಡೋನಲ್ಲ.

“ಇದು ತಗೊಳ್ಳಿ ಮೇಡಂ, ಪುಸ್ತಕದ ಥರ ತೆರೆಯುತ್ತೆ. ಮೀಟಿಂಗಿಗೆ ಒಯ್ದರೆ ಒಳ್ಳೆ ಗತ್ತು.”

“ಗತ್ತು ನೀವೇ ಇಟ್ಕೊಳ್ಳಿ. ನಮ್ಮಮ್ಮನಿಗೆ ಬೇಕಾಗಿರೋದು.”

ಅಮ್ಮನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿದೆ, ಬಲಗೈ ಬಿದ್ದುಹೋಗಿದೆ. ಈಗ ಅವಳ ಬಾಯಿ ಅಂದರೆ ಟ್ಯಾಬ್ಲೆಟ್ಟೇ. ಪರದೆಯ ತುಂಬ ಚಿತ್ರಗಳು. ಲೋಟದ ಚಿತ್ರ ಒತ್ತಿದರೆ ಅದು ‘ನೀರು’ ಅನ್ನುತ್ತೆ. ಮೊದಮೊದಲು ಒತ್ತುತ್ತಿದ್ದಳು. ಈಚೆಗೆ ಎಷ್ಟು ಕೇಳಿದರೂ ಒತ್ತಲ್ಲ, ಮುಖ ಆಕಡೆ ತಿರುಗಿಸುತ್ತಾಳೆ. ಹೀಗೇ ಬಿಟ್ಟರೆ ಇರೋ ಅಷ್ಟು ಮಾತೂ ಹೋಗುತ್ತೆ ಅಂತ ಥೆರಪಿಸ್ಟ್ ಹೆದರಿಸಿದ್ದಾರೆ. ಸಾಲದ್ದಕ್ಕೆ ಮೊನ್ನೆ ಟ್ಯಾಬ್ಲೆಟ್ಟು ತೊಡೆಯಿಂದ ಜಾರಿ ಬಿದ್ದು ಮೂಲೆ ಬಿರುಕುಬಿಟ್ಟಿದೆ. ಇನ್ನೊಂದು ಸಲ ಬಿದ್ದರೆ ಕಥೆ ಮುಗೀತು.

ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಲ್ಲೇ ಒಂದೊಂದನ್ನೂ ತೆರೆದು ನೋಡತೊಡಗಿದೆ. ಅಂಗಡಿಯವನು ಕಣ್ಣು ಕಣ್ಣು ಬಿಟ್ಟ. ಎಲಾಸ್ಟಿಕ್ ಪಟ್ಟಿಯದು ಬಗ್ಗಲಿಲ್ಲ. ಗುಂಡಿಯದು ಇನ್ನೂ ಮೊಂಡು. ಜಿಪ್ಪಿನದನ್ನು ಎಳೆದರೆ ಕವರಿಗೆ ಕವರೇ ಎದ್ದು ಬರುತ್ತಿತ್ತು.

“ಎರಡೂ ಕೈ ಬಳಸಿ ಮೇಡಂ, ದೇವರು ಕೊಟ್ಟಿದ್ದಾನಲ್ಲ.”

ನನಗೆ ಪಿತ್ತ ನೆತ್ತಿಗೇರಿತು. “ಎಲ್ಲರಿಗೂ ಕೊಟ್ಟಿರಲ್ಲ ಸ್ವಾಮಿ” ಅಂದೆ. ವಿಷಯ ಹೇಳಿದ ಮೇಲೆ, ಪಾಪ, ಒಳಗೆ ಹೋಗಿ ಅಯಸ್ಕಾಂತ ಇರೋದೊಂದು ತಂದ. ಅಂಚಿಗೆ ಹೆಬ್ಬೆರಳು ಕೊಟ್ಟರೆ ತೆರೆದುಕೊಳ್ಳುತ್ತಿತ್ತು, ತಳ್ಳಿದರೆ ಮುಚ್ಚಿಕೊಳ್ಳುತ್ತಿತ್ತು. ಬಣ್ಣ ಮಾತ್ರ ಕೆಟ್ಟ ಕಂದು. ಬಣ್ಣ ಕಟ್ಟಿಕೊಂಡು ಏನಾಗಬೇಕು ಅಂತ ಅದನ್ನೇ ತಂದೆ.

ಮನೆಯಲ್ಲಿ ತಮ್ಮ ಕಾಯುತ್ತಿದ್ದ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸೋನು. ಮನೆಗೆ ಬಂದರೂ ಆ ಪಕ್ಕದ ಸೀಟಿನಿಂದ ಇಳಿಯೋದೇ ಇಲ್ಲ. ಅಮ್ಮ ಕವರನ್ನು ತಾನೇ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಅವಳು ನಕ್ಕಿದ್ದು ನೋಡಿ, ಅಷ್ಟು ಹೊತ್ತು ಹುಡುಕಿದ್ದು ಸಾರ್ಥಕ ಅನ್ನಿಸಿತು.

“ಅಮ್ಮಾ, ಬಾಗಿಲು ಎಲ್ಲಿದೆ ತೋರಿಸು ನೋಡೋಣ” ಅಂತ ತಮ್ಮ ಶುರುಹಚ್ಚಿಕೊಂಡ. “ಚಮಚ? ಅದಲ್ಲ, ಪಕ್ಕದ್ದು. ಹಾಂ, ನಿಧಾನ.”

ನಾನಾದರೂ ಸುಮ್ಮನಿರಬಾರದಾ? “ನಾನು ಯಾರು ಹೇಳಮ್ಮ” ಅಂದೆ.

ಅಮ್ಮ ಕವರು ಮುಚ್ಚಿ ಅದರ ಮೇಲೆ ಕೈ ಇಟ್ಟಳು. ತಮ್ಮ ಅವಳ ಕೈ ಸರಿಸಿ ತೆರೆದ. ಅವಳು ಮತ್ತೆ ಮುಚ್ಚಿದಳು.

“ನೋಡಕ್ಕಾ, ಎಷ್ಟು ಹಟ. ಇನ್ನು ತನ್ನ ಬಾಯಿಗೆ ತಾನೇ ಬೀಗ ಹಾಕ್ಕೊಂಡು ಕೂತಿರ್ತಾಳೆ. ವಾಪಸ್ ಕೊಟ್ಟು ಬಾ ಇದನ್ನ.”

ಕೊಟ್ಟು ಬರೋಣ ಅಂತ ನನಗೂ ಅನ್ನಿಸಿತು. ಆದರೆ ಕವರನ್ನು ಅದುಮಿ ಹಿಡಿದ ಆ ಕೈ ನೋಡಿ ನಾಚಿಕೆಯಾಯಿತು. ಇಷ್ಟು ದಿನ ಅವಳ ಬಾಯಿಯನ್ನು ಮೇಜಿನ ಮೇಲೆ ತೆರೆದಿಟ್ಟಿದ್ದೆವು. ಬಂದೋರು ಹೋದೋರೆಲ್ಲ ಬೆರಳು ಹಾಕಿ, ಚಮಚ ಗೊತ್ತಾ, ಬಾಗಿಲು ಗೊತ್ತಾ ಅಂತ ಪರೀಕ್ಷೆ ಮಾಡಿದ್ದೇ ಮಾಡಿದ್ದು. ಹೆತ್ತು ಸಾಕಿದೋಳನ್ನ ಹಿಡಿದು ನಾನು ಯಾರು ಅಂತ ಕೇಳಿದರೆ ಅವಳಿಗೆ ರೋಸಿಹೋಗದೆ ಇರುತ್ತಾ?

“ಮುಚ್ಚಿರಲಿ ಬಿಡೋ. ಬೇಕಾದಾಗ ಅವಳೇ ತೆರೀತಾಳೆ.”

“ತೆರೀಲೇ ಇಲ್ಲ ಅಂದ್ರೆ?”

ತಮ್ಮ ಮುಖ ಊದಿಸಿಕೊಂಡು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕತೊಡಗಿದ. ನಾನು ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತೆ. ಮಾತಾಡೋಕೆ ಜೀವದಲ್ಲಿ ತ್ರಾಣವೇ ಇರಲಿಲ್ಲ. ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದೆ.

ಎಷ್ಟೋ ಹೊತ್ತಾದ ಮೇಲೆ ಕವರು ತೆರೆದ ಸದ್ದಾಯಿತು. ಅಮ್ಮ ಚಿತ್ರಗಳ ಮೇಲೆ ಬೆರಳಾಡಿಸುತ್ತಾ ಏನೋ ಹುಡುಕುತ್ತಿದ್ದಳು. ನೀರು ಬೇಕಾ ಅಂತ ಕೇಳಹೊರಟವಳು ತುಟಿ ಕಚ್ಚಿಕೊಂಡೆ.

“ನೀನು” ಅಂತು ಟ್ಯಾಬ್ಲೆಟ್ಟು. ಇನ್ನಷ್ಟು ಹುಡುಕಾಟ. “ಸುಸ್ತು.” ಆಮೇಲೆ, “ಮಲಗು.”

ಅಮ್ಮ ಕಾಯಿಲೆ ಬಿದ್ದಾಗಿನಿಂದ ನನಗೆ ಸುಸ್ತಾಗಿದೆ ಅಂತ ಒಬ್ಬರೂ ಅಂದಿರಲಿಲ್ಲ. “ಹೂಂ ಕಣಮ್ಮ, ತುಂಬಾ ಸುಸ್ತು” ಅಂದು ಅವಳ ಮೊಣಕಾಲಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಅವಳು ಕವರು ಮುಚ್ಚಿಟ್ಟು ನನ್ನ ತಲೆ ಸವರಿದಳು.