ಕಂಬಳಿಯ ಮೂಲೆಯ ಗುರುತು

ಟೆಂಡರು ತಿರಸ್ಕರಿಸಿದ್ದಕ್ಕೆ ಕಾರಣ ಕೊಡಲು ಕಚೇರಿ ಒಂದೇ ಸಾಲು ಖರ್ಚು ಮಾಡಿತ್ತು: ‘ಮಾದರಿಯ ಮೇಲೆ ಗುರುತು ಕಂಡುಬಂದಿದ್ದು, ಹದಿನಾಲ್ಕನೇ ಷರತ್ತಿನ ಉಲ್ಲಂಘನೆಯಾಗಿದೆ.’ ಬಸವಕಲ್ಯಾಣದ ಅಂಚಿನಲ್ಲಿರುವ ಕಂಬಳಿ ನೇಕಾರರ ಸಂಘದ ಶೆಡ್ಡಿನಲ್ಲಿ ನಿಂತು ಕಾರ್ಯದರ್ಶಿ ಜಿಜಾಬಾಯಿ ಆ ಸಾಲನ್ನು ಗಟ್ಟಿಯಾಗಿ ಓದಿದಳು. ಹನ್ನೊಂದು ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು.

“ಯಾವ ಗುರುತವ್ವಾ? ನಾವೇನು ಅದರ ಮ್ಯಾಲ ನಮ್ಮ ಹೆಸರ ಬರದೀವೇನು?” ಎಂದಳು ಮುದುಕಿ ಶಕುಂತಲಾಬಾಯಿ.

ಜಿಜಾಬಾಯಿಗೆ ಓದುವಾಗಲೇ ಹೊಳೆದಿತ್ತು. ಹುಮನಾಬಾದ್, ಬಸವಕಲ್ಯಾಣ ಎರಡೂ ತಾಲ್ಲೂಕಿನ ಸರ್ಕಾರಿ ಹಾಸ್ಟೆಲುಗಳಿಗೆ ಎಂಟುನೂರ ನಲವತ್ತು ಕಂಬಳಿ ಪೂರೈಸುವ ಟೆಂಡರು ಅದು. ಮಾದರಿ ಕಂಬಳಿ ಯಾರದೆಂದು ಪರೀಕ್ಷೆ ಮಾಡುವವರಿಗೆ ತಿಳಿಯಬಾರದು, ಹಾಗಾಗಿ ಯಾವ ಗುರುತೂ ಇರಕೂಡದು ಎಂಬುದು ಷರತ್ತು. ಅವಳು ಒಂದೊಂದು ಷರತ್ತಿನ ಕೆಳಗೂ ಬೆರಳಿಟ್ಟು ಓದಿದ್ದಳು. ಓದಿ, ಕಂಬಳಿಯನ್ನು ಮಗ್ಗದಿಂದ ಇಳಿಸಿ, ಮಡಚಿ, ಎಂದಿನಂತೆ ಮೂಲೆಗೆ ಮೈಲಾರ ಮಲ್ಲಣ್ಣನ ಭಂಡಾರ ಹಚ್ಚಿ ಚೀಲಕ್ಕೆ ಹಾಕಿದ್ದಳು. ಹೊಸ ಕಂಬಳಿಗೆ ದೇವರ ಅರಿಶಿಣ ಮುಟ್ಟಿಸದೆ ಹೊಸ್ತಿಲು ದಾಟಿಸುವ ಕೈ ಕುರಿಗಾರರ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಉಸಿರಾಡುವುದನ್ನು ಯಾರಾದರೂ ಗುರುತು ಎಂದುಕೊಳ್ಳುತ್ತಾರೆಯೇ?

“ತಪ್ಪು ನಂದು. ಭಂಡಾರ ಹಚ್ಚಿದಾಕಿ ನಾನ,” ಎಂದಳು.

“ನಾ ಇದ್ರೂ ಹಚ್ಚತಿದ್ದೆ ಬಿಡು,” ಎಂದಳು ಶಕುಂತಲಾಬಾಯಿ. “ಆ ಸಾಹೇಬರ ಹಣಿಗೂ ಒಂದೀಟು ಹಚ್ಚಿ ಬರಬೇಕಿತ್ತು.”

ನಕ್ಕವರು ಕಡಿಮೆ. ಪೇಟೆಯ ತುಂಬ ಗಿರಣಿಯ ಬ್ಲಾಂಕೆಟ್ಟು ಬಂದು ಕೂತು ಮೂರು ವರ್ಷವಾಗಿತ್ತು. ಈ ಆರ್ಡರು ಕೈತಪ್ಪಿದರೆ ಮಗ್ಗ ಬಿಚ್ಚಿ ಸೌದೆಗೆ ಹಾಕುವುದೊಂದೇ ದಾರಿ. ಸರಿತಾ ಮತ್ತು ಇನ್ನು ಮೂವರು ಮಗ್ಗ ಬಿಟ್ಟು ಆ ವಾರವೇ ಹುಮನಾಬಾದಿನ ಒಂದು ಕೆಮಿಕಲ್ ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗತೊಡಗಿದರು. ಜಿಜಾಬಾಯಿ ಮೇಲ್ಮನವಿ ಬರೆದಳು.

ವಿಚಾರಣೆ ಹುಮನಾಬಾದಿನ ಕಚೇರಿಯಲ್ಲಿ. ಜೊತೆಗೆ ಬಂದವನು ಸಂಘದ ಅಧ್ಯಕ್ಷ ಬಕ್ಕಪ್ಪ, ಅವಳ ಮೈದುನ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನದು ಒಂದೇ ಮಾತು: “ವೈನಿ, ದೊಡ್ಡವರ ಮುಂದ ಬಾಯಿ ಮಾಡಬ್ಯಾಡ್ರಿ. ಬಗ್ಗಿದವರಿಗೆ ಬಾಗಲಾ ಸಣ್ಣದಿರಂಗಿಲ್ಲ.”

“ಈ ಬಾಗಲಾ ಎಷ್ಟ ಬಗ್ಗಿದ್ರೂ ಸಣ್ಣದ ಅದ ಬಕ್ಕಪ್ಪಾ.”

ಟೆಂಡರೆಂದರೆ ಬಡವರಿಗಾಗಿ ಬಾಗಿಲು ತೆರೆದಿಟ್ಟು ಹೊಸ್ತಿಲನ್ನು ಎದೆಮಟ್ಟಕ್ಕೆ ಕಟ್ಟುವ ವಿದ್ಯೆ. ಹತ್ತಲಾರದೆ ನಿಂತವರನ್ನು ನೋಡಿ, ಬಾಗಿಲು ತೆಗೆದೇ ಇತ್ತಲ್ಲ ಎನ್ನುತ್ತಾರೆ.

ಮೇಜಿನಾಚೆ ಅನುರಾಧಾ ಮೇಡಂ ಕೂತಿದ್ದರು. ಮೇಲ್ಮನವಿ ಕೇಳುವ ಅಧಿಕಾರಿ. ಮೇಜಿನ ಮೇಲೆ ಸಂಘದ ಕರಿ ಕಂಬಳಿ, ಮೂಲೆಯಲ್ಲಿ ಮಾಸಿದ ಹಳದಿ. ಪಕ್ಕದ ಕುರ್ಚಿಯಲ್ಲಿ ಕಂಬಳಿ ವ್ಯಾಪಾರಿ ಓಂಪ್ರಕಾಶ. ಕಣದಲ್ಲಿ ಉಳಿದ ಇನ್ನೊಬ್ಬ ಟೆಂಡರುದಾರ ಅವನೇ. ಹಳದಿ ಬಗ್ಗೆ ತಕರಾರು ಕೊಟ್ಟವನೂ ಅವನೇ. ಯಾರು ನೋಡಿದರೂ ಇದು ಇವರದೇ ಎಂದು ಗುರುತಿಸಬಹುದು ಎಂದು ಬರೆದುಕೊಟ್ಟಿದ್ದ.

“ಅಕ್ಕಾರ, ದೇವರನ್ನ ಗುಡಿಯಾಗ ಇಡಬೇಕ್ರಿ, ಟೆಂಡರಿನ್ಯಾಗ ಅಲ್ಲ,” ಎಂದ ಓಂಪ್ರಕಾಶ.

“ನಿಮ್ಮ ದುಕಾನದ ಗಲ್ಲಾದ ಮ್ಯಾಲ ಲಕ್ಷ್ಮಿ ಕುಂತಾಳಲ್ರಿ? ಆಕೀನ ಗುಡಿಗೆ ಕಳಸೀರೇನು?”

ಮೇಡಂ ಕೈ ಎತ್ತಿದರು. ಅವರಿಗೂ ಇದು ಬೇಗ ಮುಗಿಯಬೇಕಿತ್ತು. “ನೋಡಮ್ಮ, ಸುಲಭದ ದಾರಿ ಇದೆ. ಕೈತಪ್ಪಿನಿಂದ ಕಲೆ ಬಿದ್ದಿದೆ ಅಂತ ಬರೆದು ಇಬ್ಬರೂ ಸಹಿ ಮಾಡಿಕೊಡಿ. ಕಲೆ ಗುರುತಲ್ಲ. ನಿಮ್ಮ ಟೆಂಡರು ಮತ್ತೆ ಪರಿಗಣಿಸ್ತೀನಿ.”

ಬಕ್ಕಪ್ಪ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ. ಗುಮಾಸ್ತ ಖಮರುದ್ದೀನ್ ಎರಡು ಸಾಲು ಟೈಪು ಮಾಡಿ ಹಾಳೆ ತಂದಿಟ್ಟ. ಜಿಜಾಬಾಯಿ ಹಾಳೆಯ ಮೇಲೆ ಅಂಗೈ ಊರಿದಳು.

“ವೈನಿ, ಒಂದ ಸಹಿ! ಹನ್ನೊಂದ ಮನಿ ಅದಾವ!”

“ಹನ್ನೊಂದ ಮನಿ ಅದಾವಂತನ ತಡದೀನಿ. ಇವತ್ತು ಭಂಡಾರ ಕಲೆ ಅಂತ ನಾವ ಬರದು ಕೊಟ್ರ, ನಾಳಿ ಎಂಟುನೂರ ನಲವತ್ತು ಕಂಬಳಿ ಹೊತಕೊಂಡು ಹೋದಾಗ ಏನಂತಾರ? ಕಲೆ ಬಿದ್ದಾವ, ವಾಪಸ್ ಒಯ್ರಿ ಅಂತಾರ. ಈ ಕಾಗದ ಇವರ ಕಿಸೇದಾಗ ಇರ್ತದ.” ಅವಳು ಓಂಪ್ರಕಾಶನ ಕಡೆ ನೋಡಲೂ ಇಲ್ಲ. ಅವನು ಮಾತ್ರ ಕುರ್ಚಿಯಲ್ಲಿ ಸರಿದು ಕೂತ.

“ಹಾಗಾದರೆ ಇದು ಗುರುತು ಅಂತ ಒಪ್ಪಿದ ಹಾಗಾಯ್ತಲ್ಲ?” ಎಂದರು ಮೇಡಂ.

“ಇಲ್ರಿ ಮೇಡಂ. ಎಲ್ಲಾರೂ ಹಚ್ಚೂದು ಯಾರ ಗುರುತು ಆಗ್ತದ್ರಿ? ಪೇಟಿಗೆ ಆಳ ಕಳಸ್ರಿ. ಮೂರು ದುಕಾನದಾಗ ಮೂರು ಕೈಮಗ್ಗದ ಕಂಬಳಿ ತರಿಸ್ರಿ. ನಮ್ಮದೂ ಅದರಾಗ ಕೂಡಸ್ರಿ. ಯಾರ ನೋಡಿದ್ರೂ ಗೊತ್ತಾಗ್ತದ ಅಂತ ಬರದಾರಲ್ಲ, ಅವರ ತೋರಸಲಿ.”

ಮೇಡಂ ಓಂಪ್ರಕಾಶನತ್ತ ನೋಡಿದರು. ಅವನು ಆಗದು ಎನ್ನುವಂತಿರಲಿಲ್ಲ. ಬರೆದುಕೊಟ್ಟದ್ದು ಅವನದೇ ಅಕ್ಷರ.

ಖಮರುದ್ದೀನ್ ಮುಕ್ಕಾಲು ತಾಸಿನಲ್ಲಿ ಮೂರು ಕಂಬಳಿ ಹೊತ್ತು ತಂದ. ಯಾವುದು ಯಾರು ನೇಯ್ದದ್ದೆಂದು ಅಂಗಡಿಯವರು ಬರೆದ ಚೀಟಿ ಮೇಡಂ ಕೈಗೆ ಹೋಯಿತು. ಓಂಪ್ರಕಾಶನನ್ನು ಹೊರಗೆ ಕಳಿಸಿ ನಾಲ್ಕನ್ನೂ ಅದಲುಬದಲು ಮಾಡಿ ಸಾಲಾಗಿ ಇಟ್ಟು, ಯಾವುದು ಎಲ್ಲಿದೆಯೆಂದು ಚೀಟಿಯಲ್ಲಿ ಬರೆದುಕೊಂಡರು. ನಾಲ್ಕೂ ಕರಿ, ನಾಲ್ಕರ ಮೂಲೆಯೂ ಹಳದಿ.

“ನಮ್ಮ ದಾದಾ, ಅಂದ್ರ ಅಜ್ಜ, ಹೊದೀತಿದ್ದ ಕಂಬಳಿಗೂ ಇದ ಹಳದಿ ಇತ್ರಿ ಮೇಡಂ,” ಎಂದು ಖಮರುದ್ದೀನ್ ಮೆಲ್ಲಗೆ ಹೇಳಿದ.

ಒಳಗೆ ಬಂದ ಓಂಪ್ರಕಾಶ ಒಂದೊಂದು ಮೂಲೆಯನ್ನೂ ಎತ್ತಿ ನೋಡಿದ. ಉಣ್ಣೆ ತಿಕ್ಕಿದ, ಮೂಸಿದ. ಕೊನೆಗೆ ಎಲ್ಲಕ್ಕಿಂತ ಮಾಸಿದ ಹಳದಿಯಿದ್ದ ಕಂಬಳಿಯ ಮೇಲೆ ಕೈಯಿಟ್ಟ.

“ಇದ ಇವರದು.”

ಮೇಡಂ ಚೀಟಿ ನೋಡಿದರು. “ಇದು ಕೊಡಂಬಲ ಊರಿನವರು ನೇಯ್ದದ್ದು.”

ಬಕ್ಕಪ್ಪ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ.

ಆದೇಶ ಬರೆಸುವಾಗ ಮೇಡಂ ‘ಹಳದಿ ಬಣ್ಣದ ಪದಾರ್ಥ’ ಎಂದರು. ಜಿಜಾಬಾಯಿ ಎದ್ದು ನಿಂತು, “ಭಂಡಾರ ಅಂತ ಬರಸ್ರಿ ಮೇಡಂ, ಅದಕ್ಕ ಹೆಸರದ,” ಎಂದಳು. ಮೇಡಂ, ಬರಿ ಎಂಬಂತೆ ಖಮರುದ್ದೀನನಿಗೆ ಕಣ್ಣಲ್ಲೇ ಹೇಳಿದರು. ಭಂಡಾರವನ್ನು ಎಲ್ಲ ನೇಕಾರರೂ ಹಚ್ಚುವುದರಿಂದ ಅದು ಯಾರ ಗುರುತೂ ಅಲ್ಲ, ಸಂಘದ ಟೆಂಡರು ಊರ್ಜಿತ ಎಂದು ಆದೇಶವಾಯಿತು. ನಾಲ್ಕು ಗಂಟೆಗೆ ಇಬ್ಬರ ದರದ ಲಕೋಟೆಗಳನ್ನೂ ತೆರೆದರು. ನೇಯುವವರದೇ ಕಡಿಮೆ ದರ, ಕೊಂಡು ಮಾರುವವನದು ಹೆಚ್ಚು. ಆರ್ಡರು ಸಂಘಕ್ಕೇ ಸಿಕ್ಕಿತು. ಓಂಪ್ರಕಾಶ ಹೋಗುವಾಗ, “ಮುಂದಿನ ವರ್ಷ ಹೊಸಾ ಷರತ್ತು ಬರ್ತಾವ್ರಿ ಅಕ್ಕಾರ,” ಎಂದು ನಗುತ್ತಲೇ ಹೇಳಿ ಹೋದ.

ಬಕ್ಕಪ್ಪ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ. ಜಿಜಾಬಾಯಿ ಆಟೋ ಹಿಡಿದು ಫ್ಯಾಕ್ಟರಿಗಳ ಕಡೆ ಹೊರಟಳು. ಪಾಳಿ ಬಿಡುವ ಹೊತ್ತು. ಗೇಟಿನಿಂದ ಹೊರಬಂದ ಸರಿತಾಳ ಕಣ್ಣುಗಳು ಕೆಂಪಗಾಗಿದ್ದವು. ಸುದ್ದಿ ಕೇಳಿ ಮೂಗಿಗೆ ಕಟ್ಟಿದ ಅರಿವೆ ಬಿಚ್ಚಿದಳೇ ಹೊರತು ಕುಣಿಯಲಿಲ್ಲ.

“ಎಂಟುನೂರ ನಲವತ್ತು ಮುಗದ ಮ್ಯಾಲ ಏನಕ್ಕಾ? ಇಲ್ಲಿ ಕಣ್ಣ ಉರದ್ರೂ ತಿಂಗಳಾ ತಿಂಗಳಾ ಪಗಾರ ಅದ.”

“ಗೊತ್ತಿಲ್ಲವ್ವಾ,” ಎಂದಳು ಜಿಜಾಬಾಯಿ. “ಏಳು ಮಗ್ಗದಾಗ ಇದು ಮುಗಿಯಂಗಿಲ್ಲ. ನೀವು ನಾಕೂ ಮಂದಿ ಬೇಕು. ಅಷ್ಟ ಗೊತ್ತು.”

ಸರಿತಾ ಗೇಟಿನ ಕಡೆ ಒಮ್ಮೆ ನೋಡಿದಳು. “ಈ ತಿಂಗಳ ಪಗಾರ ತಗೊಂಡ ಬರ್ತೀನಿ. ಅಲ್ಲೀತನಕ ನನ್ನ ಮಗ್ಗದ ಮ್ಯಾಲ ಯಾರನ್ನೂ ಕುಂಡ್ರಸಬ್ಯಾಡ.”