ಒಲೆಯ ಬಿಸಿಗೂ ಚಳಿಗೂ ನಡುವೆ ಕರೆಂಟು

ನಮ್ಮ ಝಂಸ್ಕಾರ ಕಣಿವೆಯ ಹಳ್ಳಿಗಳಲ್ಲಿ ಹಿಮ ಬಿದ್ದರೆ ಮೊದಲು ಹೋಗುವುದು ಕರೆಂಟು, ಆಮೇಲೆ ದಾರಿ. ಈ ಸಲವೂ ಹಾಗೇ ಆಯಿತು. ಮಾಳಿಗೆಯ ಮೇಲಿನ ಸೋಲಾರ್ ಹಿಮದಡಿ ಹೂತುಹೋಯಿತು. ಚೋರೋಲ್ ಅಜ್ಜಿಯ ಮೊಮ್ಮಗಳು ಸ್ಪಲ್ಜೆಸ್ ತುಂಬು ಬಸುರಿ. ನೋವು ಬಂದರೆ ಕೆಳಗಿನ ಊರಿನ ನರ್ಸಮ್ಮನಿಗೆ ಫೋನು ಮಾಡಬೇಕು. ಊರಿನ ಯಾವ ಫೋನಿನಲ್ಲೂ ಚಾರ್ಜೇ ಇರಲಿಲ್ಲ.

ಹಳ್ಳಿಯ ಆಶಾ ಕಾರ್ಯಕರ್ತೆ ಯಾಂಗ್ಡೋಲ್ ಇದಕ್ಕೆಂದೇ ಹೋದ ವಾರ ಒಂದು ಪುಟ್ಟ ಪೆಟ್ಟಿಗೆ ತಂದು ಒಲೆಯ ಪಕ್ಕೆಗೆ ಕೂರಿಸಿದ್ದಳು. ಒಲೆಯ ಬಿಸಿಯಿಂದ ಕರೆಂಟು ಮಾಡುವ ಪೆಟ್ಟಿಗೆ ಅದು. ಅಜ್ಜಿಗೆ ಹಿಡಿಸಿರಲಿಲ್ಲ. ಒಲೆಯಲ್ಲಿ ದೇವರಿದ್ದಾನೆ, ಹಾಲು ಉಕ್ಕಿ ಬಿದ್ದರೂ ಮುನಿಯುವ ದೇವರು. ಆದರೂ ಮೊಮ್ಮಗಳ ಮುಖ ನೋಡಿ ಒಪ್ಪಿದ್ದಳು. ಮೊದಲು ಅದಕ್ಕೆ ಜೋಡಿಸಿದ ದೀಪ ಚೆನ್ನಾಗಿಯೇ ಉರಿಯಿತು. ಆಮೇಲೆ ಮಂಕಾಗಿ ಆರಿಯೇ ಹೋಯಿತು.

“ನಾನು ಆಗಲೇ ಬಡ್ಕೊಂಡೆ. ಒಲೆ ದೇವರಿಗೆ ಸಿಟ್ಟು ಬಂದಿದೆ,” ಎಂದಳು ಅಜ್ಜಿ.

“ಸಿಟ್ಟು ಬಂದಿದ್ರೆ ಒಲೆ ಮೇಲೆ ತುಕ್ಪಾ ಸಾರು ಬೇಯ್ತಿತ್ತಾ, ಅಬಿ-ಲೇ?” ಎಂದು ಅಜ್ಜಿಯನ್ನು ಕೇಳುತ್ತಲೇ ಸ್ಪಲ್ಜೆಸ್ ಸೊಂಟ ಹಿಡಿದು ಕೂತುಬಿಟ್ಟಳು. ನೋವು ಶುರುವಾಗಿತ್ತು.

ಅಜ್ಜಿ ಹಿಮ ತುಳಿಯುತ್ತ ಹೋಗಿ ಪಕ್ಕದ ಮನೆಯಿಂದ ಯಾಂಗ್ಡೋಲಳನ್ನು ಕರೆತಂದಳು. ಯಾಂಗ್ಡೋಲ್ ಸ್ಪಲ್ಜೆಸಳನ್ನು ಮಲಗಿಸಿ, ಒಲೆಯ ಬಳಿ ಬಗ್ಗಿ ನೋಡಿದಳು. ಪೆಟ್ಟಿಗೆಯ ಹೊರಮೈಗೆ ಬಿಳಿಯ ಖತಾಗ್ ಶಾಲು, ಅದರ ಮೇಲೆ ದಪ್ಪ ಉಣ್ಣೆ ಬಟ್ಟೆ.

“ಇದನ್ನ ಯಾರು ಸುತ್ತಿದ್ದು?”

“ನಾನೇ. ಒಲೆ ಪಕ್ಕ ಬಂದು ಕೂತ ಅತಿಥಿಗೆ ಶಾಲು ಹಾಕದೆ ಇರೋಕಾಗುತ್ತಾ? ಚಳೀಲಿ ನಡುಗ್ತಿತ್ತು, ಪಾಪ. ಉಣ್ಣೆನೂ ಹೊದಿಸಿದೆ.”

ನೋವಿನಲ್ಲೂ ಸ್ಪಲ್ಜೆಸ್ ನಕ್ಕಳು. ಯಾಂಗ್ಡೋಲ್ ಎರಡನ್ನೂ ಬಿಚ್ಚಿದಳು.

“ಅಬಿ-ಲೇ, ಇದಕ್ಕೆ ಚಳಿ ಬೇಕು. ಒಂದು ಮೈ ಒಲೆ ಕಡೆ ಸುಡ್ತಿರಬೇಕು, ಇನ್ನೊಂದು ಮೈ ತಣ್ಣಗಿರಬೇಕು. ನಿಮ್ಮ ಹೊಲದ ಕಾಲುವೆ ನೀರು ಇಳಿಜಾರಿದ್ರೆ ತಾನೇ ಹರಿಯೋದು? ನೆಲ ಸಮ ಆದ್ರೆ ನಿಂತುಬಿಡುತ್ತೆ. ಇದೂ ಹಾಗೇ. ಎರಡು ಕಡೆನೂ ಬಿಸಿ ಆಗಿ ಕರೆಂಟು ನಿಂತುಹೋಗಿದೆ.”

“ಹಾಗಾದ್ರೆ ನಮ್ಮ ಮನೆ ಬಿಸೀನೆಲ್ಲ ಇದೇ ತಿಂದುಬಿಡುತ್ತೆ.”

“ಒಂದು ಚಿಟಿಕೆ ತಿನ್ನುತ್ತೆ. ಮಿಕ್ಕಿದ್ದು ಮನೆಗೇ ಬರುತ್ತೆ.”

ಅಜ್ಜಿ ಒಲೆಗೆ ಇನ್ನೆರಡು ಬೆರಣಿ ಹಾಕಿದಳು. ಸ್ವಲ್ಪ ಹೊತ್ತಿಗೆ ದೀಪ ಮಿನುಗಿತು, ನಿಧಾನವಾಗಿ ಫೋನಿಗೂ ಜೀವ ಬಂತು. ಕರೆ ಹೋಯಿತು. ಕೆಳಗಿನ ಊರಿನವರು ಹಿಮ ಸರಿಸಿ ದಾರಿ ಮಾಡಿ ನರ್ಸಮ್ಮನನ್ನು ಕರೆತಂದರು. ಸಂಜೆಗೆ ಆ ದೀಪದ ಬೆಳಕಲ್ಲೇ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಅಜ್ಜಿ ಒಲೆಗೆ ಬೆಣ್ಣೆ, ಹುರಿಹಿಟ್ಟು ಅರ್ಪಿಸಿ ಕೈಮುಗಿದಳು. ಆಮೇಲೆ ಖತಾಗನ್ನು ಯಾಂಗ್ಡೋಲಳ ಕೊರಳಿಗೆ ಹಾಕಿದಳು. “ಇದು ಸೇರಬೇಕಾದ್ದು ನಿನಗೆ ಮಗಳೇ. ನಿನ್ನ ಋಣ ನಾನು ಹೇಗೆ ತೀರಿಸಲಿ?”

“ನಾಲ್ಕು ಮನೆಗೆ ಹೇಳಿ, ಸಾಕು,” ಎಂದಳು ಯಾಂಗ್ಡೋಲ್.

ಅಜ್ಜಿ ಇಡೀ ಕಣಿವೆಗೇ ಹೇಳಿದಳು. ಈಗ ನಿಮಗೂ ಹೇಳುತ್ತಿದ್ದೇವೆ. ಚಳಿಗಾಲದಲ್ಲಿ ಒಲೆಯನ್ನು ಹೇಗೂ ಹೊತ್ತಿಸುತ್ತೀರಿ. ಅದರ ಪಕ್ಕೆಗೆ ಈ ಪೆಟ್ಟಿಗೆಯನ್ನು ಕೂರಿಸಿ, ಹೊರಮೈಗೆ ಗಾಳಿಯಾಡಲು ಬಿಡಿ, ಅದರ ಮೇಲೆ ಏನನ್ನೂ ಹೊದಿಸಬೇಡಿ. ಅದರಿಂದ ಊರೆಲ್ಲ ಬೆಳಗುವುದಿಲ್ಲ, ನಿಜ. ಒಂದು ದೀಪ ಉರಿಯುತ್ತದೆ, ಒಂದು ಕರೆ ಹೋಗುತ್ತದೆ. ಆ ಒಂದು ಕರೆ ಯಾವ ಮನೆಗೆ ಯಾವಾಗ ಬೇಕಾದೀತೋ, ಬಲ್ಲವರಾರು?